ಆರು ಇಂಗಾಲದ ಸಾಕ್ಷಿ

ಕಂದು ಬಣ್ಣ ಹೋಗಲಿಲ್ಲ.

ಗಾಜಿನ ನಳಿಕೆಯ ಬಾಯಿಗೆ ಬೂಚು ಒತ್ತಿ ಮತ್ತೊಮ್ಮೆ ಅಲುಗಿಸಿದೆ. ಮೇಲೆ ತೇಲುತ್ತಿದ್ದ ತೆಳ್ಳನೆಯ ದ್ರವ ಕೆಳಗಿನ ನೀರಿನಿಂದ ಬ್ರೋಮಿನ್ನಿನ ಬಣ್ಣವನ್ನು ತನ್ನ ಕಡೆ ಎಳೆದುಕೊಂಡಿತು, ಅಷ್ಟೇ. ಬಣ್ಣ ಬಣ್ಣವಾಗಿಯೇ ಉಳಿಯಿತು. ಪಕ್ಕದ ನಳಿಕೆಯಲ್ಲಿ ತೆಳುಮಾಡಿಟ್ಟಿದ್ದ, ಗೇರುಬೀಜದ ಸಿಪ್ಪೆಯಿಂದ ಇಳಿಸಿದ ಗೇರೆಣ್ಣೆಗೆ ಅದೇ ಬ್ರೋಮಿನ್ ಬಿಟ್ಟಾಗ ಕಣ್ಣು ಮಿಟುಕಿಸುವುದರೊಳಗೆ ಮಾಯವಾಗಿತ್ತು.

“ಅಂದ್ರ ಏನ್ರೀ ಅಕ್ಕೋರ?” ಎನ್ನುತ್ತ ಸಬ್ ಇನ್ಸ್‌ಪೆಕ್ಟರ್ ಗುರುಪುತ್ರಪ್ಪ ನಳಿಕೆಯನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು ನೋಡಲು ಕಿಟಕಿಯತ್ತ ನಡೆದ.

“ಏ! ಇಡೋ ಅದನ್ನ! ಬಿಸಲಿಗೆ ಒಯ್ಯಬ್ಯಾಡ!”

ಅವನು ಬೆಚ್ಚಿಬಿದ್ದು ನಿಂತ. ಖಾಕಿ ಹಾಕಿದರೇನು, ನನ್ನ ಪಾಲಿಗೆ ಅವನು ಇನ್ನೂ ಹಿಂದಿನ ಬೆಂಚಿನ ಹುಡುಗ. ಈ ಜಾತಿಯ ದ್ರವ ನೆರಳಿನಲ್ಲಿ ಬ್ರೋಮಿನ್ನಿನ ಗೊಡವೆಗೆ ಹೋಗುವುದಿಲ್ಲ. ಬಿಸಿಲು ಬಿದ್ದರೆ ಮಾತ್ರ ಮೆಲ್ಲಗೆ ಅದರೊಡನೆ ಸೇರಿ ಬಣ್ಣ ಕಳೆಯುತ್ತದೆ. ಆ ಕಿಟಕಿಯಲ್ಲಿ ಸ್ವಲ್ಪ ಹೊತ್ತು ಇದ್ದಿದ್ದರೆ ನನ್ನ ಸಾಕ್ಷಿ ನೀರುಪಾಲಾಗುತ್ತಿತ್ತು.

ಖಾನಾಪುರದ ಗೇರುಬೀಜದ ಶೆಡ್ಡಿನಲ್ಲಿ ಮಾಲೀಕ ಬಸಲಿಂಗಪ್ಪ ಹಾಡಹಗಲೇ ಸುಟ್ಟು ಸತ್ತಿದ್ದ. ಕಾವಲುಗಾರ ಮೈಲಾರಲಿಂಗನ ಬೀಡಿಯ ಕಿಡಿ ಗೇರೆಣ್ಣೆಯ ಡ್ರಮ್ಮಿಗೆ ಬಿತ್ತೆಂದು ಪೊಲೀಸರು ಅವನನ್ನು ಹಿಡಿದು ಕೂಡಿಹಾಕಿದ್ದರು. ಮರುದಿನ ಮುಂಜಾನೆ ಅವನನ್ನು ಕೋರ್ಟಿಗೆ ಒಯ್ಯುವವರಿದ್ದರು.

“ಗೇರೆಣ್ಣಿ ಅಪರ್ಯಾಪ್ತ. ಹಸದದ್ದು,” ಎಂದೆ. “ಬ್ರೋಮಿನ್ ಕಂಡ್ರ ಗಬಕ್ಕನ ನುಂಗತೈತಿ. ಇದು ಪರ್ಯಾಪ್ತ. ಇಂಗಾಲಕ್ಕ ಇರೋ ನಾಕೂ ಕೈ ಒಂದಲ್ಲ ಒಂದನ್ನ ಹಿಡಕೊಂಡಾವ. ಉಂಡು ಎದ್ದಾಂವನ ಮುಂದ ಹೋಳಗಿ ಇಟ್ರ ಮುಟ್ಟತಾನೇನು? ಹಂಗ.”

“ಅಂದ್ರ ಬಸಲಿಂಗಪ್ಪನ ಮೈಕೆಳಗ ಸುಡದ ಉಳದ ಗೋಣಿಚೀಲದಾಗ ಇದ್ದದ್ದು ಗೇರೆಣ್ಣಿ ಅಲ್ಲ.”

“ಅಲ್ಲ. ಚಿಮಣಿ ಎಣ್ಣೀನೂ ಅಲ್ಲ. ಚಿಮಣಿ ಎಣ್ಣಿ ಇಷ್ಟು ಕಡಿಮಿ ಕಾವಿಗೆ ಕುದಿಯಂಗಿಲ್ಲ. ಇದು ಎಪ್ಪತ್ತು ಡಿಗ್ರಿ ಮುಟ್ಟೂದ್ರಾಗ ಪೂರಾ ಬಟ್ಟಿ ಇಳೀತು. ಹೆಕ್ಸೇನ್, ಗುರುಪುತ್ರಪ್ಪಾ. ಹಿಂಡಿಯೊಳಗಿನ ಎಣ್ಣಿ ತಗ್ಯಾಕ ಬಳಸೋ ದ್ರವ. ನಮ್ಮ ಕಡೆ ಅದು ಎಲ್ಲಿ ಸಿಗತೈತಿ?”

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. “ಪೀರನವಾಡಿ ಎಣ್ಣಿ ಕಾರ್ಖಾನಿಯೊಳಗ. ಬಸಯ್ಯ ಕೆಮಿಸ್ಟ್ ಇರೋ ಜಾಗಾ.”

ಬಸಯ್ಯ. ಬಸಲಿಂಗಪ್ಪನ ಗೇರುಬೀಜದ ಧಂದೆಯಲ್ಲಿ ಪಾಲುದಾರ. ನನ್ನ ಕೈಕೆಳಗೇ ಬಿ.ಎಸ್‌ಸಿ. ಮುಗಿಸಿದವನು. ಬೀಜ ಸುಲಿಯುವ ಹೆಂಗಸರನ್ನು ಬಿಡಿಸಿ ಶೆಡ್ಡಿಗೆ ಯಂತ್ರ ತರಬೇಕೆಂದು ವರ್ಷದಿಂದ ಗುದ್ದಾಡುತ್ತಿದ್ದವನು. ಬಸಲಿಂಗಪ್ಪ ಮಾತ್ರ, “ನಾ ಇರೂತನಕ ಆ ಹೆಣ್ಣಮಕ್ಕಳ ಅನ್ನಕ್ಕ ಕಲ್ಲು ಹಾಕಾಕ ಬಿಡಂಗಿಲ್ಲ” ಎಂದು ಸಂತೆಯಲ್ಲೇ ನಿಂತು ಹೇಳಿದ್ದ.

ಕಾಲೇಜಿನ ಲ್ಯಾಬಿನ ಬಾಗಿಲ ಹೊರಗೆ ಸಾತವ್ವ ಕುಂತಿದ್ದಳು. ಮೈಲಾರಲಿಂಗನ ಹೆಂಡತಿ. ಅದೇ ಶೆಡ್ಡಿನಲ್ಲಿ ಬೀಜ ಸುಲಿದು ಸುಲಿದು ಬೆರಳ ತುದಿಗಳೆಲ್ಲ ಕಪ್ಪಾಗಿ ಸಿಪ್ಪೆ ಎದ್ದಿದ್ದವು. ನನ್ನನ್ನು ಕಂಡೊಡನೆ ಎದ್ದಳು.

“ಏನಾತ್ರೀ ಅಕ್ಕೋರ?”

“ನಿನ್ನ ಗಂಡನ ಬೀಡಿಗೂ ಆ ಬೆಂಕಿಗೂ ಏನೂ ಸಂಬಂಧ ಇಲ್ಲ. ಸಂಜಿಯೊಳಗ ಆಂವ ಮನ್ಯಾಗ ಇರ್ತಾನ, ನಡಿ.”

ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ನನಗೆ ಇಂಥದ್ದೆಲ್ಲ ಆಗಿಬರುವುದಿಲ್ಲ, ಬೈದು ಎಬ್ಬಿಸಿದೆ. ಆದರೂ ಒಳಗೊಳಗೆ ಹಿಗ್ಗಿದ್ದು ಸುಳ್ಳಲ್ಲ.

ಜೀಪು ಪೀರನವಾಡಿ ದಾಟಿ ಖಾನಾಪುರದ ದಾರಿ ಹಿಡಿಯಿತು. ಏಪ್ರಿಲ್ ತಿಂಗಳ ಧಗೆ. ಸಾತವ್ವ ಹಿಂದಿನ ಸೀಟಿನ ಮೂಲೆಯಲ್ಲಿ ಸೆರಗು ಬಿಗಿಹಿಡಿದು ಮುದುಡಿಕೊಂಡಿದ್ದಳು.

“ಅಕ್ಕೋರ, ಸಿಟ್ಟಾಗಬ್ಯಾಡ್ರಿ,” ಎಂದ ಗುರುಪುತ್ರಪ್ಪ. “ಹೆಕ್ಸೇನ್ ಅಂದ್ರ ಯಾವ್ದು? ಎಲ್ಲಾ ಮರ್ತೇನಿ. ನಾಳೆ ವಕೀಲ ಕೇಳಿದ್ರ ಏನ್ ಹೇಳಲಿ?”

“ಅಯ್ಯ ಶಿವನೇ! ವರ್ಷಪೂರ್ತಿ ಬಾಯಿ ಹರಕೊಂಡು ಹೇಳಿದ್ನೆಲ್ಲೋ! ಮೀಥೇನ್, ಈಥೇನ್, ಪ್ರೊಪೇನ್, ಬ್ಯೂಟೇನ್. ಈ ನಾಕಕ್ಕ ಹಳೇ ಹೆಸರು, ಬಾಯಿಪಾಠ ಮಾಡೂದೇ ಗತಿ. ಐದರಿಂದ ಮುಂದ ಎಣಿಕಿ. ಪೆಂಟೇನ್ ಐದು ಇಂಗಾಲ, ಹೆಕ್ಸೇನ್ ಆರು, ಹೆಪ್ಟೇನ್ ಏಳು. ಸರಪಳಿ ಉದ್ದ ಆದಂಗ ಕುದಿಯೋ ಕಾವು ಏರತೈತಿ. ಅದಕ್ಕ ಆರಿಂದು ಬ್ಯಾರೆ, ಚಿಮಣಿ ಎಣ್ಣೀದು ಬ್ಯಾರೆ.”

“ಮತ್ತ ಆ ಟೊಂಗಿ ಇದ್ದದ್ದಕ್ಕ?”

“ಮೊದಲ ಎಲ್ಲಾಕಿಂತ ಉದ್ದನ್ನ ಸರಪಳಿ ಹುಡುಕು. ಆಮ್ಯಾಲೆ ಟೊಂಗಿ ಯಾವ ತುದೀಗೆ ಹತ್ರ ಐತೋ ಆ ತುದಿಯಿಂದ ಎಣಸು. ನೀನು ಪರೀಕ್ಷಾದಾಗ ಯಾವಾಗ್ಲೂ ತಿರುವಾಮುರುವಾ ಎಣಸ್ತಿದ್ದಿ.”

ಅವನು ನಕ್ಕ. ನಾನು ನಗಲಿಲ್ಲ. ಈ ಕೇಸಿನಲ್ಲೂ ಅವನು ಮಾಡಿದ್ದು ಅದೇ ತಪ್ಪು. ಬೆಂಕಿಯ ತುದಿಯಿಂದ ಎಣಿಸಲು ಹೊರಟಿದ್ದ: ಬೆಂಕಿ, ಡ್ರಮ್ಮು, ಬೀಡಿ, ಬಾಗಿಲಲ್ಲಿ ಕೂತ ಕಾವಲುಗಾರ. ನಾನು ಈ ಕಡೆಯ ತುದಿಯಿಂದ, ಊಟದ ಹೊತ್ತಿನಿಂದ ಎಣಿಸತೊಡಗಿದ್ದೆ.

ಊಟದ ಹೊತ್ತಿಗೆ ಹೆಂಗಸರೆಲ್ಲ ಬುತ್ತಿಗಂಟು ತಗೊಂಡು ಮಲಪ್ರಭೆಯ ದಂಡೆಗೆ ಹೋದರು. ತಾನೂ ಅವರ ಜೊತೆಗಿದ್ದೆನೆಂದು ಸಾತವ್ವ ಮುಂಜಾನೆಯಷ್ಟೇ ನನಗೆ ಹೇಳಿದ್ದಳು. ಬಸಲಿಂಗಪ್ಪ ಉಂಡು ಶೆಡ್ಡಿನೊಳಗೆ ಚೀಲಗಳ ಮೇಲೆ ಅಡ್ಡಾದ. ಮೈಲಾರಲಿಂಗ ಬಾಗಿಲಲ್ಲಿ ಕೂತ. ಆವತ್ತು ಪೀರನವಾಡಿಯಿಂದ ಬಂದಿದ್ದ ಬಸಯ್ಯ ಅಂಗಳದ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದ. ಟೊಂಗೆ ಒಡೆದದ್ದು ಅಲ್ಲಿ.

ಶೆಡ್ಡು ಊರ ಹೊರಗೆ, ರೈಲುಹಳಿಯ ಆಚೆ. ಅರ್ಧ ಮಾಡು ಕುಸಿದಿತ್ತು. ಬಸಯ್ಯ ಅಂಗಳದಲ್ಲಿ ನಿಂತು ಹೊಸ ಹಂಚು ಇಳಿಸುತ್ತಿದ್ದ ಆಳುಗಳಿಗೆ ಜೋರು ಮಾಡುತ್ತಿದ್ದ. ಎಲಾ ಇವನ, ಸತ್ತವನ ಬೂದಿ ಇನ್ನೂ ಬಿಸಿ ಇತ್ತು!

“ಬರ್ರಿ ಅಕ್ಕೋರ, ಬರ್ರಿ. ಸಾಹೇಬ್ರೂ ಬಂದೀರಿ, ಕುಂದರ್ರಿ.” ಕುರ್ಚಿ ತರಿಸಿದ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಇಸ್ತ್ರಿ ಮಾಡಿದ ಅಂಗಿ. ಸಾತವ್ವನನ್ನು ಕಂಡು ಮುಖ ಗಂಟಿಕ್ಕಿದ. “ಈಕೀನ ಯಾಕ ಕರ್ಕೊಂಡು ಬಂದ್ರಿ?”

“ಆಕೀ ಗಂಡನ ಮಾತೇ ಆಡಾಕ ಬಂದೀನಿ, ಆಕಿ ಇರ್ಲಿ,” ಎಂದೆ. “ಬಸಯ್ಯಾ, ಆವತ್ತು ಏನಾತು, ಇನ್ನೊಮ್ಮಿ ಹೇಳು.”

“ಎಷ್ಟ ಸಲ ಹೇಳೂದ್ರೀ? ನಾ ಆ ಗಿಡದ ಕೆಳಗ ರೊಟ್ಟಿ ತಿನ್ನಾಕತ್ತಿದ್ದೆ. ಒಳಗಿಂದ ಚೀರಿದ ದನಿ ಕೇಳಿಸ್ತು. ಕೈಯಾನ ರೊಟ್ಟಿ ಒಗದು ಓಡಿದೆ. ಡ್ರಮ್ ಉರುಳಿ ಬಿದ್ದಿತ್ತು. ಬಸಲಿಂಗಪ್ಪ ಗೇರೆಣ್ಣ್ಯಾಗ ತೊಯ್ದು ಉರಿಯಾಕತ್ತಿದ್ದ. ಎರಡೂ ಕೈಲೆ ಎದಿ ಹಿಡದು ಜಗ್ಗೇನಿ. ಆಗಲಿಲ್ಲ. ಬೆಂಕಿ ಮುಖಕ್ಕ ಬಂತು, ಹೊರಗ ಬಂದೆ.”

“ಎರಡೂ ಕೈಲೆ?”

“ಎರಡೂ ಕೈಲೆ.”

“ಕೈ ತೋರ್ಸು.”

ಅವನು ಒಂದು ಕ್ಷಣ ತಡೆದ. ಆಮೇಲೆ ಅಂಗೈ ಚಾಚಿದ. ಬೆಳ್ಳನೆಯ, ಮೆತ್ತನೆಯ, ಒಂದು ಗುಳ್ಳೆಯೂ ಇಲ್ಲದ ಅಂಗೈ.

“ಸಾತವ್ವಾ, ನಿನ್ನೂ ತೋರ್ಸು.”

ಅವಳು ತೋರಿಸಿದಳು. ಗೇರೆಣ್ಣೆ ಹಸಿಯಾಗಿ ತಾಗಿದರೇ ಚರ್ಮ ಸುಟ್ಟು ಕಪ್ಪಾಗುತ್ತದೆ, ವಾರಗಟ್ಟಲೆ ಹೋಗುವುದಿಲ್ಲ. ಉರಿಯುವ ಗೇರೆಣ್ಣೆಯಲ್ಲಿ ಕೈಯಿಟ್ಟವನ ಕೈ ಹೇಗಿರಬೇಕೆಂದು ಖಾನಾಪುರದ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ.

ಬಸಯ್ಯ ನಕ್ಕ. “ಅದಕ್ಕೇನ್ರೀ! ಈ ಹೆಣ್ಣಮಕ್ಕಳು ಏನ್ ಮಾಡ್ತಾರೋ ನಾನೂ ಅದನ್ನ ಮಾಡಿದ್ದೆ. ಮುಂಜಾನಿಂದ ಸರಕು ಮುಟ್ಟಿ ನೋಡಾಕತ್ತಿದ್ದೆ. ಕೈತುಂಬ ಔಡಲೆಣ್ಣಿ ಸವರಿ ಬೂದಿ ಬಡಕೊಂಡಿದ್ದೆ. ಅದಕ್ಕ ಬಚಾವ್ ಆದೆ.”

ಅವನ ಬಾಯಿಂದ ನಾನು ಬಯಸಿದ್ದು ಇದೇ ಮಾತು.

“ಸಾತವ್ವಾ, ನೀವು ಊಟಕ್ಕ ಹೋಗೂಮುಂದ ಹೊಳೀಗೆ ಯಾಕ ಹೋಗ್ತೀರಿ?”

“ಕೈ ತೊಳ್ಯಾಕ್ರೀ. ಔಡಲೆಣ್ಣಿ ಬೂದಿ ಹೋಗೂಮಟ ಉಸುಕು ಹಚ್ಚಿ ತಿಕ್ಕತೀವಿ. ಆ ಕೈಲೆ ತುತ್ತು ಮುಟ್ಟೂದುಂಟೇನ್ರೀ? ಬಾಯಿ ಸುಟ್ಟು, ಹೊಟ್ಟಿ ಕೆಟ್ಟು ಸಾಯ್ತೀವಿ.”

ನಾನು ಬಸಯ್ಯನ ಕಡೆ ತಿರುಗಿದೆ. “ಕೈಯಾಗ ರೊಟ್ಟಿ ಇತ್ತು ಅಂದಿ. ಅದೇ ಕೈಗೆ ಔಡಲೆಣ್ಣಿ ಬೂದೀನೂ ಇತ್ತು ಅಂತೀ. ಯಾವುದು ಖರೇ? ಶೆಡ್ಡಿನ ಹೆಣ್ಣಮಕ್ಕಳಂಗ ಕೈಗೆ ಹಚ್ಚಿಕೊಂಡಿ, ಅವರಂಗ ತೊಳಕೊಳ್ಳೂದು ಮರ್ತೆಲ್ಲೋ. ನೀನು ಒಂದಿನಾನೂ ಬೀಜ ಸುಲದಾಂವಲ್ಲ, ಸುಲಿಯೋರನ್ನ ನೋಡಿದಾಂವ ಅಷ್ಟ.”

ಬಸಯ್ಯನ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಬಹಳ ಕಂಡಿದ್ದೇನೆ. ಗುರುಪುತ್ರಪ್ಪ ಒಂದು ಹೆಜ್ಜೆ ಮುಂದೆ ಬಂದ.

“ಇನ್ನೊಂದು ಕೇಳು,” ಎಂದೆ. “ಆ ಚೀಲದಾಗಿಂದ ನಾ ತಗದದ್ದು ಹೆಕ್ಸೇನ್. ನಿನ್ನ ಕಾರ್ಖಾನೀದು.”

“ಗೇರೆಣ್ಣಿ ಸುಟ್ಟಾಗ ತೆಳ್ಳಗಿನ ಆವಿ ಬಿಡತೈತ್ರೀ ಅಕ್ಕೋರ. ಅದನ್ನೇ ಹಿಡದು ಹೆಕ್ಸೇನ್ ಅಂತೀರಿ.”

“ಆ ಆವಿ ಬ್ರೋಮಿನ್ನಿನ ಬಣ್ಣ ಉಳಸತಿತ್ತೇನು?”

ಉತ್ತರ ಅವನಿಗೆ ಗೊತ್ತಿತ್ತು. ಪರ್ಯಾಪ್ತ ಯಾವುದು, ಅಪರ್ಯಾಪ್ತ ಯಾವುದು ಎಂಬ ಪಾಠದಲ್ಲಿ ನನ್ನ ಇಡೀ ಕ್ಲಾಸಿಗೇ ಅವನು ಮೊದಲನೆಯವನು.

ಹಂಚು ಇಳಿಸುತ್ತಿದ್ದ ಆಳುಗಳು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಬಸಯ್ಯ ಅವರನ್ನು ಆಚೆ ಕಳಿಸಿದ. ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತ. ಬೆವರು ಒರೆಸಿಕೊಂಡ. ಮತ್ತೆ ಮಾತಾಡಿದಾಗ ದನಿ ಮೊದಲಿಗಿಂತ ತಣ್ಣಗಿತ್ತು.

“ಆತು. ನಾ ಒಳಗ ಹೋಗೇ ಇಲ್ಲ. ಬಾಗಲಾಗ ನಿಂತು ನೋಡಿದೆ, ಅಂಜಿದೆ. ಊರ ಮುಂದ ಮರ್ಯಾದಿ ಹೋಗ್ತದಂತ ಸುಳ್ಳು ಹೇಳಿದೆ. ಅಂಜಿದಾಂವನ್ನ ಹಿಡ್ಯಾಕ ಯಾವ ಕಲಮು ಐತ್ರೀ ಸಾಹೇಬ್ರ?”

ಗುರುಪುತ್ರಪ್ಪ ಟೋಪಿಯ ಅಂಚು ಸರಿಮಾಡಿಕೊಂಡ.

“ಇಲ್ಲ, ಹೌದಲ್ರೀ? ಈಗ ನೀವು ಮಾಡಿದ ಕೆಲಸ ನೋಡ್ರಿ ಅಕ್ಕೋರ. ಬೀಡಿ ಕಿಡಿ, ಗೇರೆಣ್ಣಿ ಅಂತ ಇದ್ದಾಗ ಇದು ಬರೇ ಅಲಕ್ಷ್ಯ. ಮೈಲಾರಲಿಂಗಗ ಭಾಳಂದ್ರ ಎರಡು ವರ್ಷ. ಆಮ್ಯಾಲೆ ಮನೀಗೆ ಬಂದು ಕುರಿ ಕಾಯಬಹುದಿತ್ತು. ಈಗ ಅಕ್ಕೋರು ಬಂದು ಯಾರೋ ಬೇಕಂತ ಹೆಕ್ಸೇನ್ ತಂದು ಸುರುವ್ಯಾರ ಅಂತ ಸಿದ್ಧ ಮಾಡಿದ್ರು. ಅಲಕ್ಷ್ಯ ಹೋತು. ಖೂನಿ ಆತು.”

ಅವನು ಶೆಡ್ಡಿನ ಬಾಗಿಲ ಕಡೆ ಬೆರಳು ಮಾಡಿದ.

“ಶೆಡ್ಡಿಗೆ ಇದ್ದದ್ದು ಒಂದೇ ಬಾಗಲಾ. ಬಾಗಲಾಗ ಕುಂತಾಂವ ಮೈಲಾರಲಿಂಗ. ಸಾಹೇಬ್ರ, ಆಂವ ನಿಮ್ಮ ಮುಂದ ಏನು ಹೇಳ್ಯಾನ? ನೀವೇ ಹೇಳ್ರಿ.”

ಗುರುಪುತ್ರಪ್ಪ ನೆಲ ನೋಡುತ್ತ ಹೇಳಿದ: “ಬೆಂಕಿ ಹತ್ತೂತನಕ ಒಬ್ಬ ನರಮನಷ್ಯಾನೂ ಒಳಗ ಹೋಗಿಲ್ಲ ಅಂದಾನ. ಭಂಡಾರ ಮುಟ್ಟಿ ಆಣಿ ಮಾಡ್ಯಾನ.”

ಮೈಲಾರ ದೇವರ ಒಕ್ಕಲಿನವರು ಆ ಅರಿಶಿನದ ಭಂಡಾರ ಮುಟ್ಟಿ ಆಡಿದ ಮಾತನ್ನು ತಲೆ ಹೋದರೂ ಹಿಂದೆ ತಗೊಳ್ಳುವುದಿಲ್ಲ. ತೂಕಡಿಸಿದ್ದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾವಲುಗಾರನ ಅಭಿಮಾನ, ಹೇಳಲಿಲ್ಲ.

“ಹೆಕ್ಸೇನ್ ಆಂವಗ ಎಲ್ಲಿ ಸಿಗಬೇಕೋ?” ಎಂದೆ.

“ದನಕ್ಕ ಹಿಂಡಿ ತರಾಕ ಬಸಲಿಂಗಪ್ಪ ಯಾರನ್ನ ಗಾಡಿ ಕೊಟ್ಟು ಪೀರನವಾಡಿಗೆ ಕಳಸ್ತಿದ್ದ? ಕಾರ್ಖಾನಿ ಅಂಗಳದಾಗ ಆ ಡ್ರಮ್ ಬಯಲಾಗ ಬಿದ್ದಾವ. ಯಾರ ಬೇಕಾದ್ರೂ ಒಂದು ಡಬ್ಬಿ ತುಂಬ್ಕೋಬಹುದು.” ಬಸಯ್ಯ ಮುಂದೆ ಬಾಗಿದ. “ತುದಿ ಬದಲಿ ಮಾಡಿ ಎಣಸ್ರಿ ಅಕ್ಕೋರ. ನೀವೇ ಕಲಿಸಿದ್ದಲ್ಲ? ಎರಡೂ ಕಡಿಂದ ಎಣಸಿ ನೋಡಬೇಕು ಅಂತ.”

ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಅವನೇ ಮಾಡಿದ್ದಾನೆ ಎಂದು ನನ್ನ ಮೈಯ ಒಂದೊಂದು ಕೂದಲೂ ಹೇಳುತ್ತಿತ್ತು. ಹೇಗೆ ಒಳಗೆ ಹೋದ, ಅದೊಂದು ನನ್ನ ಬಳಿ ಇರಲಿಲ್ಲ.

“ಗುರುಪುತ್ರಪ್ಪಾ,” ಎಂದೆ, “ನೀ ಏನ್ ಮಾಡ್ತಿ?”

ಅವನು ನನ್ನ ಕಣ್ಣು ತಪ್ಪಿಸಿದ. “ಆ ನಳಿಕಿ, ಆ ಚೀಲ, ಎರಡೂ ಪಂಚನಾಮೆಯೊಳಗ ಬರ್ತಾವ್ರೀ. ಮುಚ್ಚಿಡಾಕ ಬರಂಗಿಲ್ಲ. ಬಸಯ್ಯ ಹೇಳೂದು ಕಾಯದೇ ಪ್ರಕಾರ ಖರೇ ಐತಿ. ಅಲಕ್ಷ್ಯದ ಕಲಮು ಮುನ್ನೂರಾ ನಾಕು ಎ ತಗದು ಖೂನಿಯ ಮುನ್ನೂರಾ ಎರಡು ಹಾಕಬೇಕಾಗತೈತಿ.”

“ಅಂದ್ರ ಏನ್ರೀ ಸಾಹೇಬ್ರ?” ಹಿಂದಿನಿಂದ ಸಾತವ್ವ ಕೇಳಿದಳು.

ಬಸಯ್ಯನೇ ಹೇಳಿದ: “ಗಲ್ಲು.”

ಅವಳು ನನ್ನತ್ತ ನೋಡಿದಳು. “ಸಂಜಿಯೊಳಗ ಮನ್ಯಾಗ ಇರ್ತಾನ ಅಂದ್ರೆಲ್ಲ ಅಕ್ಕೋರ?”

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಅವಳ ಗಂಡನನ್ನು ಬಿಡಿಸಲು ಬಂದು ನಾನೇ ನೇಣಿನ ಹಗ್ಗ ಹೊಸೆದು ಕೊಟ್ಟಿದ್ದೆ.

ಸಾತವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನೇರವಾಗಿ ಗುರುಪುತ್ರಪ್ಪನ ಮುಂದೆ ಹೋಗಿ ನಿಂತಳು.

“ಆ ಡಬ್ಬಿ ಒಳಗ ಒಯ್ದಾಕಿ ನಾನು.”

“ಏನಂದಿ?”

“ಊಟದ ಹೊತ್ತಿನಾಗ ನಾನು ಒಳಗ ಹೋಗಿದ್ದೆ. ದಣ್ಯಾರು ಮಲಗಿದ್ರು. ಡಬ್ಬಿ ಇಟ್ಟು ಬಂದೆ. ಅದರಾಗ ಏನಿತ್ತು ನನಗ ಗೊತ್ತಿಲ್ಲ. ಕೊಟ್ಟಾಂವ ಇಂವ.” ಅವಳು ಬೆರಳು ಮಾಡಿ ತೋರಿಸಿದಳು. ಅಯ್ಯಾರ, ಅಯ್ಯಾರ ಎಂದು ಅವನ ಮುಂದೆ ತಲೆಯೆತ್ತದೆ ದುಡಿದಿದ್ದ ಹೆಂಗಸು. “ಈ ಬಸಯ್ಯ ಕೊಟ್ಟ.”

ಬಸಯ್ಯ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. “ಸುಳ್ಳು! ಸಾಹೇಬ್ರ, ಗಂಡನ್ನ ಉಳಸ್ಕೊಳ್ಳಾಕ ನಾಟಕ ಮಾಡಾಕತ್ತಾಳ! ಈಕಿ ಒಳಗ ಹೋಗೇ ಇಲ್ಲ!”

“ಅದು ನಿನಗ ಹೆಂಗ ಗೊತ್ತೋ?” ಎಂದೆ.

“ಆಕೀ ಗಂಡನೇ ಆಣಿ ಮಾಡ್ಯಾನಲ್ಲ, ಯಾರೂ ಹೋಗಿಲ್ಲಂತ!” ಎಂದು ಬಸಯ್ಯ ಕಿರುಚಿದ.

ಗುರುಪುತ್ರಪ್ಪ ಸಾತವ್ವನನ್ನು ದಿಟ್ಟಿಸಿದ. “ಹೌದು. ಭಂಡಾರ ಮುಟ್ಟಿ ಸುಳ್ಳು ಹೇಳಿದ್ನೇನು ನಿನ್ನ ಗಂಡ?”

“ಆಂವ ಸುಳ್ಳು ಹೇಳಾಂವಲ್ರೀ,” ಎಂದಳು. “ದಣ್ಯಾರಿಗೆ ಕುಡಿಯೋ ನೀರು ಇಡಾಕ ನಾ ದಿನಾ ಹೋಗ್ತೀನಿ, ಬರ್ತೀನಿ. ಕಟ್ಟಿಕೊಂಡ ಹೆಂಡ್ತೀನ ಯಾವ ಗಂಡ ಲೆಕ್ಕಕ್ಕ ಹಿಡೀತಾನ್ರೀ?”

ಅದು ಆಗಬಹುದಾದ ಮಾತೇ. ನಾನೂ ಅವಳನ್ನು ಎಣಿಸಿರಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಎದುರಿಗೆ ಕೂತವರು ಓದಿ ಬಂದಿದ್ದಾರೋ ಕಟ್ಟುಕತೆ ಹೇಳುತ್ತಿದ್ದಾರೋ ಎಂಬುದು ನನಗೆ ಮುಖ ನೋಡಿದರೇ ತಿಳಿಯುತ್ತದೆ. ಸಾತವ್ವನ ಮುಖದಲ್ಲಿ ಏನೂ ತಿಳಿಯಲಿಲ್ಲ.

ಗುರುಪುತ್ರಪ್ಪ ನನ್ನ ಕಡೆ ತಿರುಗಿದ. ಈಗ ಅವನು ಹಿಂದಿನ ಬೆಂಚಿನ ಹುಡುಗನಾಗಿರಲಿಲ್ಲ. “ಅಕ್ಕೋರ, ಮುಂಜಾನಿಂದ ಈಕಿ ನಿಮ್ಮ ಜೋಡಿ ಅದಾಳ. ಆವತ್ತು ಊಟದ ಹೊತ್ತಿನಾಗ ಎಲ್ಲಿದ್ದೆ ಅಂತ ನಿಮ್ಮ ಮುಂದ ಹೇಳ್ಯಾಳೇನು? ನಿಮ್ಮ ಮಾತು ನಾ ಬರಕೊಂತೀನಿ. ಕೋರ್ಟೂ ನಂಬತೈತಿ.”

ಹೊಳೆಯ ದಂಡೆಯಲ್ಲಿದ್ದೆ ಎಂದಿದ್ದಳು. ಹೆಂಗಸರ ಜೊತೆ ಎಂದಿದ್ದಳು. ಅದನ್ನು ಹೇಳಿದರೆ ಬಸಯ್ಯ ನಗುತ್ತ ಮನೆಗೆ ಹೋಗುತ್ತಾನೆ, ಮೈಲಾರಲಿಂಗ ನೇಣಿಗೆ ಹೋಗುತ್ತಾನೆ. ಹೇಳದಿದ್ದರೆ ಬಸಯ್ಯನ ಜೊತೆಗೆ ಇವಳೂ ಜೈಲಿಗೆ ಹೋಗುತ್ತಾಳೆ.

ಸಾತವ್ವ ನನ್ನ ಮಗ್ಗುಲಿಗೆ ಬಂದಳು. ಆ ಸುಟ್ಟ ಬೆರಳುಗಳಿಂದ ನನ್ನ ಮುಂಗೈ ಹಿಡಿದಳು. ನನಗೊಬ್ಬಳಿಗೇ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಅಂದಳು:

“ಒಳಗ ಹೋಗಿದ್ಳು ಅನ್ರಿ, ಅಕ್ಕೋರ. ನಿಮ್ಮ ಕಾಲಿಗೆ ಬೀಳ್ತೀನಿ, ಹಂಗ ಅನ್ರಿ.”